ಗಣಕ ಗವಾಕ್ಷಿ: ಒಂದು ಖೋಲಿ, ಹನ್ನೊಂದು ಮಂದಿ



ಕಳೆದ ರಾಜ್ಯೋತ್ಸವದ ದಿನ ಸಂಘದ ಸಭಾಗೃಹದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಹಿರಿಯ ಸದಸ್ಯೆಯೊಬ್ಬರು ನನ್ನನ್ನು ತಡೆದು ಒಂದು ಪ್ರಶ್ನೆ ಕೇಳಿದರು. ಅವರ ಮೊಮ್ಮಗ ಹೊಸ ಮೊಬೈಲು ಕೊಳ್ಳಲು ಹೊರಟಿದ್ದಾನೆ. ಜಾಹೀರಾತಿನಲ್ಲಿ "8 ಜಿಬಿ + 8 ಜಿಬಿ = 16 ಜಿಬಿ ರ‍್ಯಾಮ್" ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಅದರ ಕೆಳಗೆ ಇರುವೆಯಂತಹ ಅಕ್ಷರದಲ್ಲಿ ಇನ್ನೇನೋ ಇದೆ, ಅವರ ಕನ್ನಡಕಕ್ಕೆ ನಿಲುಕಲಿಲ್ಲ. "ಎಂಟೂ ಎಂಟೂ ಹದಿನಾರು ಅಂತ ನನಗೂ ಗೊತ್ತು. ಆ ಎರಡನೇ ಎಂಟನ್ನು ಅವರು ಎಲ್ಲಿಂದ ತಂದರು? ಅದಕ್ಕೆ ಎರಡು ಸಾವಿರ ಜಾಸ್ತಿ ಕೊಡಬೇಕೋ ಬೇಡವೋ, ಅಷ್ಟು ಹೇಳಿದರೆ ಸಾಕು" ಎಂದರು.

"ಹೋಳಿಗೆ ತಣ್ಣಗಾಗುತ್ತದೆ ಅಮ್ಮ, ಪತ್ರಿಕೆಯಲ್ಲಿ ಬರೆಯುತ್ತೇನೆ" ಎಂದೆ. ನಾನು ನುಣುಚಿಕೊಂಡೆನೆಂದು ಅವರು ತಿಳಿದಿದ್ದರೆ ತಪ್ಪಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಾನು ಮೊದಲು ಒಂದು ತಪ್ಪೊಪ್ಪಿಗೆ ಕೊಡಬೇಕಾಗುತ್ತದೆ. ಊಟದ ಸಾಲಿನಲ್ಲಿ ನಿಂತು ಹೇಳುವ ಮಾತಲ್ಲ ಅದು.

1999ನೆಯ ಇಸವಿ. ಸ್ಮರಣ ಸಂಚಿಕೆಯೊಂದರ ತಯಾರಿಯಲ್ಲಿದ್ದೆವು. ಸದಸ್ಯರೊಬ್ಬರು ತಮ್ಮ ಕಚೇರಿಯಲ್ಲಿ ಹಳತಾಯಿತೆಂದು ಕೊಡಿಸಿದ್ದ ಒಂದು ಗಣಕಯಂತ್ರ ನಮ್ಮ ಪಾಲಿಗೆ ಆಗ ಕಾಮಧೇನು. ಅದರಲ್ಲಿ ವಿಂಡೋಸ್ 98 ಇತ್ತು, ರ‍್ಯಾಮ್ ಕೇವಲ 16 ಎಂಬಿ. ಇಂದಿನ 8 ಜಿಬಿಯ ಮೊಬೈಲಿನಲ್ಲಿ ಅದರ ಐನೂರು ಪಟ್ಟಿಗಿಂತ ಹೆಚ್ಚು ಇರುತ್ತದೆ. ಆ ಸಂಚಿಕೆಗಾಗಿ ನಮ್ಮ ಹಿರಿಯರೊಬ್ಬರಿಂದ ಹಳೆಯ ಮುಂಬಯಿಯ ನೆನಪುಗಳನ್ನು ಹೇಳಿಸುವುದೆಂದು ನಿಶ್ಚಯವಾಗಿತ್ತು. ಅವರಿಗೆ ಆಗ ಎಪ್ಪತ್ತೆಂಟು. 1937ರಲ್ಲಿ ಉಡುಪಿ ಕಡೆಯಿಂದ ಹಡಗು ಹತ್ತಿ ಬಂದವರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಹೆಸರು ಹಾಕಬೇಡಿ ಎಂದು ಆಗಲೇ ಹೇಳಿದ್ದರು, ಈಗಲೂ ಹಾಕುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವರು ಬಂದು ಕುಳಿತರು. ಅವರು ಹೇಳುತ್ತ ಹೋದಂತೆ ಕಾಲೇಜು ಓದುತ್ತಿದ್ದ ನಮ್ಮ ಹುಡುಗಿಯೊಬ್ಬಳು ನೇರವಾಗಿ ಬೆರಳಚ್ಚು ಮಾಡುತ್ತ ಹೋದಳು. ಟೇಪು ಇರಲಿಲ್ಲ; ಅದು ಬೇಕೆಂದು ಯಾರಿಗೂ ತೋಚಲಿಲ್ಲ. ಸಂಜೆ ಐದಕ್ಕೆ ಮುಗಿಯಿತು. ಆಗ ನಾನು ಒಳಗೆ ಬಂದೆ. ಅವರ ಹಳೆಯ ಫೋಟೋ ಪುಟದಲ್ಲಿ ಹೇಗೆ ಕೂರುತ್ತದೆಂದು ತೋರಿಸುವ ಉತ್ಸಾಹದಲ್ಲಿ, ಅದೇ ಯಂತ್ರದಲ್ಲಿ ಪುಟ ವಿನ್ಯಾಸದ ತಂತ್ರಾಂಶ ತೆರೆದೆ. ಸ್ಕ್ಯಾನ್ ಮಾಡಿದ ದೊಡ್ಡ ದೊಡ್ಡ ಚಿತ್ರಗಳನ್ನು ಒಂದರ ಮೇಲೊಂದು ತೆರೆದೆ. ಯಂತ್ರ ನಿಂತೇಹೋಯಿತು. ಪರದೆಯ ಮೇಲೆ ಮರಳು ಗಡಿಯಾರ; ಒಳಗಿನಿಂದ ಹಾರ್ಡ್ ಡಿಸ್ಕಿನ ಕಟಕಟ ಸದ್ದು, ಇಲಿ ಅಕ್ಕಿ ಚೀಲ ಕಡಿದಂತೆ. ಕೆಂಪು ದೀಪ ಆರಲೇ ಇಲ್ಲ. ಹತ್ತು ನಿಮಿಷ ಕಾದೆ. ಹನ್ನೊಂದನೆಯ ನಿಮಿಷಕ್ಕೆ ಸ್ವಿಚ್ಚು ಒತ್ತಿಬಿಟ್ಟೆ.

"ಸರ್, ನಾನಿನ್ನೂ ಸೇವ್ ಮಾಡಿರಲಿಲ್ಲ" ಎಂದಳು ಹುಡುಗಿ. ತಾನಾಗಿಯೇ ಉಳಿಸಿಕೊಳ್ಳುವ ಸೌಕರ್ಯ ಆ ಕನ್ನಡ ತಂತ್ರಾಂಶದಲ್ಲಿ ಇರಲಿಲ್ಲ. ಅವಳ ತಪ್ಪೆಂದು ಅಂದು ಎಲ್ಲರೂ ಹೇಳಿದರು. ನಾನೂ ಸುಮ್ಮನಿದ್ದೆ. ಯಂತ್ರ ಕೆಟ್ಟಿರಲಿಲ್ಲ, ನಿಂತೂ ಇರಲಿಲ್ಲ, ಅದು ಮೈಮುರಿದು ದುಡಿಯುತ್ತಿತ್ತು ಎಂಬುದು ನನಗೆ ತಿಳಿದದ್ದು ಆಮೇಲೆ. ಆ ಕಟಕಟ ಸದ್ದಿನ ಹೆಸರನ್ನೇ ಇವತ್ತು ಈ ಗವಾಕ್ಷಿಯಲ್ಲಿ ಇಣುಕಿ ನೋಡೋಣ. ಅದೇ ವರ್ಚುವಲ್ ಮೆಮೊರಿ.

ನಮ್ಮ ಶಾಲಾ ಪುಸ್ತಕಗಳಲ್ಲಿ ಕನ್ನಡಿಯೊಳಗಿನ ಬಿಂಬವನ್ನು ಮಿಥ್ಯಾ ಬಿಂಬ ಎಂದಿರುವುದು ನಿಮಗೆ ನೆನಪಿರಬಹುದು. ಆ ಲೆಕ್ಕದಲ್ಲಿ ಇದನ್ನು ಮಿಥ್ಯಾ ಸ್ಮೃತಿ ಎನ್ನಬಹುದು. ಆದರೆ ಮಿಥ್ಯೆಯೆಂದರೆ ಸುಳ್ಳೆಂದು ತಿಳಿಯಬಾರದು. ವ್ಯವಹಾರಕ್ಕೆ ಸತ್ಯ, ವಿಚಾರಿಸಿ ನೋಡಿದರೆ ಬೇರೆ ಎಂಬ ಹಳೆಯ ಅರ್ಥದಲ್ಲೇ ಆ ಮಾತನ್ನು ಇಲ್ಲಿ ಇಟ್ಟುಕೊಳ್ಳಬೇಕು.

ಗಣಕಕ್ಕೆ ಎರಡು ಬಗೆಯ ನೆನಪು. ರ‍್ಯಾಮ್ ಎಂಬುದು ಕೆಲಸ ಮಾಡುವ ಜಾಗ. ಬಹಳ ಚುರುಕು, ಆದರೆ ದುಬಾರಿ, ಅದರಿಂದಾಗಿ ಕಡಿಮೆ. ಕರೆಂಟು ಹೋದರೆ ಖಾಲಿ. ಡಿಸ್ಕು ದಾಸ್ತಾನಿನ ಜಾಗ. ನಿಧಾನ, ಅಗ್ಗ, ವಿಶಾಲ. ಕರೆಂಟು ಹೋದರೂ ಅದರಲ್ಲಿ ಇಟ್ಟದ್ದು ಇರುತ್ತದೆ. ಯಾವ ಕೆಲಸ ಆಗಬೇಕಾದರೂ ವಿಷಯ ರ‍್ಯಾಮಿಗೆ ಬರಬೇಕು. ಕೆಲಸಗಳು ಹತ್ತು, ಜಾಗ ಎರಡಕ್ಕೆ. ಏನು ಮಾಡುವುದು?

ಮುಂಬಯಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ಹಿರಿಯರು ಅಂದು ಹೇಳಿದ ಕಥೆಯೇ ಇದಕ್ಕೆ ಸಾಕು. ಪರೇಲಿನ ಚಾಳೊಂದರಲ್ಲಿ ಹತ್ತಡಿಗೆ ಹನ್ನೆರಡಡಿಯ ಒಂದು ಖೋಲಿ. ಅದರಲ್ಲಿ ನಮ್ಮ ಕಡೆಯ ಹನ್ನೊಂದು ಮಂದಿ. ಕೆಲವರು ಮಿಲ್ಲಿನವರು, ಹಗಲು ಪಾಳಿ, ರಾತ್ರಿ ಪಾಳಿ. ಕೆಲವರು ಹೋಟೆಲಿನವರು, ಒಬ್ಬ ಮುದ್ರಣಾಲಯದವನು. ಒಂದು ಹೊತ್ತಿಗೆ ನಾಲ್ಕು ಚಾಪೆಗೆ ಮಾತ್ರ ಜಾಗ. ಒಬ್ಬ ಕೆಲಸಕ್ಕೆ ಹೊರಟರೆ ಅವನ ಹಾಸಿಗೆ, ಟ್ರಂಕು ಹೊರಗೆ. ಪಾಳಿ ಮುಗಿಸಿ ಬಂದವನದು ಒಳಗೆ. ಹೊರಗೆ ಅಂದರೆ ಎರಡು ಗಲ್ಲಿಯಾಚೆ ಊರಿನವರೊಬ್ಬರ ಅಂಗಡಿಯ ಮಾಳಿಗೆಯಲ್ಲಿ. ಖೋಲಿಯ ಹಿರಿಯನನ್ನು ಎಲ್ಲರೂ 'ಅಣ್ಣ' ಎನ್ನುತ್ತಿದ್ದರು. ಯಾರ ಟ್ರಂಕು ಈಗ ಖೋಲಿಯ ಯಾವ ಮೂಲೆಯಲ್ಲಿದೆ, ಯಾರದು ಮಾಳಿಗೆಯ ಯಾವ ಸಾಲಿನಲ್ಲಿದೆ ಎಂದು ಅಣ್ಣನ ನೋಟು ಬುಕ್ಕಿನಲ್ಲಿ ಬರೆದಿರುತ್ತಿತ್ತು. ಹನ್ನೊಂದು ಮಂದಿಗೂ ಊರಿನಿಂದ ಬರುವ ಕಾಗದದ ಮೇಲೆ ಅದೇ ಖೋಲಿ ನಂಬರು. "ನನ್ನ ತಾಯಿ ಸಾಯುವ ತನಕ ನನಗೆ ಮುಂಬಯಿಯಲ್ಲಿ ಒಂದಿಡೀ ಕೋಣೆ ಉಂಟು ಅಂತಲೇ ತಿಳಿದಿದ್ದರು ಮಾರಾಯ. ಸುಳ್ಳು ಹೇಳಿದ್ದಲ್ಲ. ನಾನು ಮಲಗುವಾಗ ಇತ್ತಲ್ಲ!" ಎಂದು ಅವರು ನಕ್ಕಿದ್ದರು.

ವರ್ಚುವಲ್ ಮೆಮೊರಿಯ ಇಡೀ ತತ್ವ ಆ ಒಂದು ಮಾತಿನಲ್ಲಿದೆ. ಗಣಕದಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಮಿಗೂ, ಇಡೀ ಖೋಲಿ ನಿನ್ನದೇ ಎಂದು ಕಾರ್ಯಾಚರಣ ವ್ಯವಸ್ಥೆ ಹೇಳಿರುತ್ತದೆ. 32 ಬಿಟ್ಟಿನ ಯಂತ್ರದಲ್ಲಾದರೆ ಸೊನ್ನೆಯಿಂದ ಹಿಡಿದು 4 ಜಿಬಿವರೆಗಿನ ವಿಳಾಸಗಳು ಪ್ರತಿಯೊಂದಕ್ಕೂ ಇವೆ. ನಿಜವಾದ ರ‍್ಯಾಮ್ 16 ಎಂಬಿ ಇರಲಿ, 64 ಎಂಬಿ ಇರಲಿ, ಪ್ರೋಗ್ರಾಮಿಗೆ ಅದರ ಗೊಡವೆಯಿಲ್ಲ.

ಈ ಮಾತನ್ನು ಉಳಿಸಿಕೊಡುವ ಬಗೆ ಹೀಗೆ. ವಿಳಾಸಗಳ ಉದ್ದನೆಯ ಸಾಲನ್ನು ಸಮನಾದ ಪುಟಗಳಾಗಿ ಕತ್ತರಿಸುತ್ತಾರೆ. ಸಾಮಾನ್ಯವಾಗಿ ಒಂದು ಪುಟಕ್ಕೆ 4096 ಬೈಟು. 4 ಜಿಬಿಯನ್ನು ಹೀಗೆ ಕತ್ತರಿಸಿದರೆ 10,48,576 ಪುಟಗಳಾಗುತ್ತವೆ. ರ‍್ಯಾಮನ್ನೂ ಅದೇ ಅಳತೆಯ ಚೌಕಗಳಾಗಿ ಮಾಡುತ್ತಾರೆ. ಯಾವ ಪುಟ ಯಾವ ಚೌಕದಲ್ಲಿ ಕೂತಿದೆ ಎಂಬ ಪಟ್ಟಿಯೊಂದು ಪ್ರತಿ ಪ್ರೋಗ್ರಾಮಿಗೂ ಇರುತ್ತದೆ. ಅದೇ ಅಣ್ಣನ ನೋಟು ಬುಕ್ಕು.

ಒಂದು ಲೆಕ್ಕ ಮಾಡಿ ನೋಡೋಣ. ಪೆನ್ಸಿಲು ಹಿಡಿಯುವುದಕ್ಕೆ ಬೇಸರಿಸಬೇಡಿ. ಪ್ರೋಗ್ರಾಮು 20,500ನೆಯ ವಿಳಾಸದಲ್ಲಿರುವುದನ್ನು ಕೊಡು ಎಂದು ಕೇಳಿತು ಎನ್ನಿ. 20,500ನ್ನು 4096ರಿಂದ ಭಾಗಿಸಿದರೆ ಭಾಗಲಬ್ಧ 5, ಶೇಷ 20. ಅಂದರೆ 5ನೆಯ ಪುಟದ 20ನೆಯ ಬೈಟು (ಗಣಕದವರು ಸೊನ್ನೆಯಿಂದ ಎಣಿಸುತ್ತಾರೆ, ಅದೊಂದು ಚಾಳಿ). ಪಟ್ಟಿಯಲ್ಲಿ ನೋಡಿದರೆ 5ನೆಯ ಪುಟ ರ‍್ಯಾಮಿನ 9ನೆಯ ಚೌಕದಲ್ಲಿದೆ. 9ನ್ನು 4096ರಿಂದ ಗುಣಿಸಿ 20 ಕೂಡಿಸಿದರೆ 36,884. ನಿಜವಾಗಿ ಓದಬೇಕಾದ ಜಾಗ ಅದು. ಪ್ರತಿಯೊಂದು ಸಲವೂ, ಸೆಕೆಂಡಿಗೆ ಕೋಟಿಗಟ್ಟಲೆ ಸಲ, ಈ ಭಾಷಾಂತರವನ್ನು ಪ್ರೊಸೆಸರಿನೊಳಗಿನ ಒಂದು ಭಾಗ ಮಾಡುತ್ತಿರುತ್ತದೆ. ಪಟ್ಟಿಯೂ ರ‍್ಯಾಮಿನಲ್ಲೇ ಇರುವುದರಿಂದ, ಪ್ರತಿ ಸಲ ಅದನ್ನು ತೆರೆದು ನೋಡುತ್ತ ಕುಳಿತರೆ ತಡವಾಗುತ್ತದೆ. ಅದಕ್ಕಾಗಿ ಇತ್ತೀಚೆಗೆ ಬಳಸಿದ ಕೆಲವು ನಮೂದುಗಳನ್ನು ಪ್ರೊಸೆಸರು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. ಅಣ್ಣನೂ ಮೂರು ನಾಲ್ಕು ಹೆಸರುಗಳಿಗೆ ಬುಕ್ಕು ತೆರೆಯುತ್ತಿರಲಿಲ್ಲವಂತೆ.

5ನೆಯ ಪುಟದ ಎದುರು 'ಇಲ್ಲಿಲ್ಲ' ಎಂದು ಬರೆದಿದ್ದರೆ? ಆಗ ಪ್ರೊಸೆಸರು ಕೆಲಸ ನಿಲ್ಲಿಸಿ ಕಾರ್ಯಾಚರಣ ವ್ಯವಸ್ಥೆಯನ್ನು ಕೂಗುತ್ತದೆ. ಇದಕ್ಕೆ ಪೇಜ್ ಫಾಲ್ಟ್ ಎಂದು ಹೆಸರು. ಫಾಲ್ಟ್ ಎಂದರೂ ದೋಷವೇನೂ ಅಲ್ಲ, ದಿನವೂ ನಡೆಯುವ ಸಂಗತಿ. ವ್ಯವಸ್ಥೆಯು ಡಿಸ್ಕಿನಿಂದ ಆ ಪುಟವನ್ನು ತರಿಸುತ್ತದೆ. ಖಾಲಿ ಚೌಕವಿಲ್ಲದಿದ್ದರೆ ಒಳಗಿರುವ ಇನ್ನೊಂದು ಪುಟವನ್ನು ಎಬ್ಬಿಸುತ್ತದೆ. ಎಬ್ಬಿಸಿದ ಪುಟದಲ್ಲಿ ಏನಾದರೂ ಹೊಸದಾಗಿ ಬರೆದಿದ್ದರೆ ಅದನ್ನು ಡಿಸ್ಕಿಗೆ ಒಯ್ದು ಇಡಬೇಕು. ತಂದಂತೆಯೇ ಇದ್ದು, ಡಿಸ್ಕಿನಲ್ಲಿ ಅದರ ಪ್ರತಿ ಹೇಗೂ ಇದ್ದರೆ, ಒಯ್ಯುವ ಕಷ್ಟವಿಲ್ಲ. ಆಮೇಲೆ ಪಟ್ಟಿ ತಿದ್ದಿ, ಪ್ರೋಗ್ರಾಮು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸುತ್ತದೆ. ನಡುವೆ ತಾನು ನಿದ್ದೆ ಹೋಗಿದ್ದೆನೆಂದು ಪ್ರೋಗ್ರಾಮಿಗೆ ಗೊತ್ತೇ ಆಗುವುದಿಲ್ಲ.

ಈ ಉಪಾಯ ಮೊದಲು ಹೊಳೆದದ್ದು ಬರ್ಲಿನ್ನಿನಲ್ಲಿ. 1956ರಲ್ಲಿ ಫ್ರಿಟ್ಸ್ ರುಡಾಲ್ಫ್ ಗ್ಯುಂಟ್ಷ್ ಎಂಬುವರು ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಇದರ ರೂಪರೇಖೆ ಬರೆದರು. ಆದರೆ ನಿಜವಾಗಿ ಕಟ್ಟಿ ಓಡಿಸಿದವರು ಮ್ಯಾಂಚೆಸ್ಟರಿನವರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ನೇತೃತ್ವದಲ್ಲಿ ಸಿದ್ಧವಾದ 'ಅಟ್ಲಾಸ್' ಗಣಕದ ಉದ್ಘಾಟನೆಯಾದದ್ದು 1962ರ ಡಿಸೆಂಬರ್ 7ರಂದು. ಅದರ ಒಳಸ್ಮೃತಿ 16,384 ಪದಗಳಷ್ಟು. ಇಲ್ಲಿ ಪದವೆಂದರೆ ಮಾತಲ್ಲ, 48 ಬಿಟ್ಟುಗಳ ಒಂದು ಕಟ್ಟು. ಅದನ್ನು 512 ಪದಗಳ 32 ಪುಟಗಳಾಗಿ ವಿಂಗಡಿಸಿದ್ದರು. ಹೊರಗೆ ತಿರುಗುವ ಕಾಂತೀಯ ಡ್ರಮ್ಮುಗಳಲ್ಲಿ ಅದರ ಆರು ಪಟ್ಟು, 98,304 ಪದಗಳಿಗೆ ಜಾಗವಿತ್ತು. ಎರಡೂ ಸೇರಿ ಒಂದೇ ಸ್ಮೃತಿ ಎಂದು ಪ್ರೋಗ್ರಾಮು ಬರೆಯುವವರಿಗೆ ತೋರುತ್ತಿತ್ತು. 'ಒಂದೇ ಅಂತಸ್ತಿನ ಸಂಗ್ರಹ' ಎಂದು ಅವರು ಕರೆದದ್ದು ಅದಕ್ಕೇ. ಹೋಲಿಕೆಗಾಗಿ ಹೇಳುತ್ತೇನೆ, ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಪೂರ್ಣಗೊಂಡ 'ಟಿಫ್ರಾಕ್' ಗಣಕದ ಒಳಸ್ಮೃತಿ 2048 ಪದಗಳದ್ದು.

ಅದಕ್ಕೆ ಮೊದಲು ಪ್ರೋಗ್ರಾಮು ಬರೆಯುವವರ ಪಾಡು ಕೇಳಬಾರದು. ಯಾವ ತುಂಡು ಯಾವಾಗ ಒಳಗೆ ಬರಬೇಕು, ಯಾವುದು ಹೊರಗೆ ಹೋಗಬೇಕು ಎಂಬುದನ್ನೆಲ್ಲ ಅವರೇ ಲೆಕ್ಕ ಹಾಕಿ ಬರೆಯಬೇಕಿತ್ತು. ಒಂದು ಕಡೆ ತಪ್ಪಿದರೆ ಎಲ್ಲವೂ ಕಲಸುಮೇಲೋಗರ. ಆದರೂ ಹೊಸ ಉಪಾಯವನ್ನು ಅವರೆಲ್ಲ ಕೂಡಲೇ ಒಪ್ಪಲಿಲ್ಲ. ಕೈಯಿಂದ ಜೋಡಿಸಿದಷ್ಟು ಅಚ್ಚುಕಟ್ಟಾಗಿ ಯಂತ್ರ ಜೋಡಿಸೀತೇ ಎಂಬ ವಾದ ಹಲವು ವರ್ಷ ನಡೆಯಿತು. 1969ರಲ್ಲಿ ಐಬಿಎಂ ಕಂಪನಿಯ ಡೇವಿಡ್ ಸೇರ್ ಪ್ರಯೋಗಗಳ ಮೂಲಕ ಯಂತ್ರದ ಜೋಡಣೆ ಕೈಜೋಡಣೆಗೆ ಸರಿಸಾಟಿಯಾಗಬಲ್ಲದೆಂದು ತೋರಿಸಿದ ಮೇಲೆ ವಾದ ತಣ್ಣಗಾಯಿತು. 1972ರಲ್ಲಿ ಐಬಿಎಂ ತನ್ನ 370 ಸರಣಿಯ ದೊಡ್ಡ ಗಣಕಗಳಿಗೆ ಇದನ್ನು ಘೋಷಿಸಿತು. ನಮ್ಮ ಮೇಜಿನ ಮೇಲಿನ ಯಂತ್ರಗಳಿಗೆ ಪುಟಗಳ ಸೌಲಭ್ಯ ತಂದದ್ದು 1985ರ ಇಂಟೆಲ್ 80386 ಪ್ರೊಸೆಸರು.

ಇನ್ನೊಂದು ಪ್ರಸಂಗ ನನಗೆ ಬಲು ಇಷ್ಟ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತನ್ನ ಲಿನಕ್ಸನ್ನು ಆಗಷ್ಟೇ ಹೊರಗೆ ಬಿಟ್ಟಿದ್ದ. ಜರ್ಮನಿಯ ಬಳಕೆದಾರನೊಬ್ಬನ ಯಂತ್ರದಲ್ಲಿ ಇದ್ದದ್ದು 2 ಎಂಬಿ ರ‍್ಯಾಮ್. ಅಷ್ಟರಲ್ಲಿ ಅವನ ಕೆಲಸ ಸಾಗಲಿಲ್ಲ. ಟೊರ್ವಾಲ್ಡ್ಸ್ ಆ ಕ್ರಿಸ್‌ಮಸ್ ಹೊತ್ತಿನಲ್ಲಿ ಕುಳಿತು, ಪುಟಗಳನ್ನು ಡಿಸ್ಕಿಗೆ ಕಳುಹಿಸುವ ಭಾಗವನ್ನು ಕೆಲವೇ ದಿನಗಳಲ್ಲಿ ಬರೆದು ಸೇರಿಸಿದ. ಬಡವನ ಯಂತ್ರಕ್ಕೆ ಒಂದು ಮಾಳಿಗೆ ಕಟ್ಟಿಕೊಟ್ಟ ಹಾಗೆ.

ಹಾಗಾದರೆ ನನ್ನ ಯಂತ್ರ ಅಂದು ನರಳಿದ್ದೇಕೆ? ಇಲ್ಲಿ ವೇಗದ ವಿಷಯ ಬರುತ್ತದೆ. ರ‍್ಯಾಮಿನಿಂದ ಒಂದು ಮಾತು ಓದಲು ಸುಮಾರು 100 ನ್ಯಾನೊಸೆಕೆಂಡು ಎಂದಿಟ್ಟುಕೊಳ್ಳಿ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಹುಡುಕಿ ತೆಗೆಯಲು ಸುಮಾರು 10 ಮಿಲಿಸೆಕೆಂಡು. ಎರಡೂ ನಮಗೆ ಕಣ್ಣು ಮಿಟುಕಿಸುವಷ್ಟೂ ಅಲ್ಲ. ಆದರೆ ಎರಡರ ನಡುವಿನ ಅಂತರ ಒಂದು ಲಕ್ಷ ಪಟ್ಟು. ರ‍್ಯಾಮಿನ ಹೊತ್ತನ್ನು ಒಂದು ಸೆಕೆಂಡಿಗೆ ಹಿಗ್ಗಿಸಿದರೆ ಡಿಸ್ಕಿನ ಹೊತ್ತು ಸುಮಾರು 28 ಗಂಟೆಯಾಗುತ್ತದೆ. ಕೈಚಾಚಿ ತೆಗೆಯಬೇಕಾದ ಉಪ್ಪಿನಕಾಯಿ ಭರಣಿಗಾಗಿ ಬಸ್ಸು ಹತ್ತಿ ಊರಿಗೆ ಹೋದ ಹಾಗೆ! ಇಂದಿನ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ ತಿರುಗುವ ಭಾಗವಿಲ್ಲ, ಅವುಗಳ ಹೊತ್ತು ಸುಮಾರು 100 ಮೈಕ್ರೊಸೆಕೆಂಡು. ಅದೇ ಹಿಗ್ಗಿಸಿದ ಲೆಕ್ಕದಲ್ಲಿ ಹದಿನೇಳು ನಿಮಿಷ. ಕೆಳಗಿನ ಅಂಗಡಿಗೆ ಹೋಗಿಬಂದಷ್ಟು.

ಪೇಜ್ ಫಾಲ್ಟ್ ಅಪರೂಪಕ್ಕೆ ಆದರೆ ಯಾರಿಗೂ ತಿಳಿಯುವುದಿಲ್ಲ. ಇಡೀ ಏರ್ಪಾಟು ನಿಂತಿರುವುದೇ ಈ ಅಪರೂಪದ ಮೇಲೆ. ಯಾವುದೇ ಪ್ರೋಗ್ರಾಮು ಒಂದು ಹೊತ್ತಿಗೆ ತನ್ನ ಎಲ್ಲ ಪುಟಗಳನ್ನೂ ಮುಟ್ಟುವುದಿಲ್ಲ, ಕೆಲವನ್ನೇ ಮತ್ತೆ ಮತ್ತೆ ತಿರುವುತ್ತದೆ. ಮನೆಯಲ್ಲಿ ಐವತ್ತು ಪಾತ್ರೆಗಳಿದ್ದರೂ ನಿತ್ಯ ಒಲೆಯ ಮೇಲೇರುವವು ಆರೇಳು ತಾನೆ? ಈ ಆರೇಳನ್ನು ಪೀಟರ್ ಡೆನಿಂಗ್ 1968ರಲ್ಲಿ 'ವರ್ಕಿಂಗ್ ಸೆಟ್' ಎಂದು ಕರೆದರು. ಯಾವ ಪುಟವನ್ನು ಎಬ್ಬಿಸಬೇಕು ಎಂಬುದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉತ್ತರ 1966ರಲ್ಲೇ ಲಾಸ್ಲೊ ಬೆಲಾಡಿಯವರಿಂದ ಬಂದಿತ್ತು. ಮುಂದೆ ಎಲ್ಲಕ್ಕಿಂತ ತಡವಾಗಿ ಬೇಕಾಗುವ ಪುಟವನ್ನು ಕಳುಹಿಸಿ! ಸರಿ, ಮುಂದೆ ಆಗುವುದನ್ನು ಬಲ್ಲವರಾರು? ಅದಕ್ಕಾಗಿ ವ್ಯವಸ್ಥೆಗಳು ಹಿಂದನ್ನು ನೋಡಿ ಮುಂದನ್ನು ಊಹಿಸುತ್ತವೆ. ಬಹಳ ಹೊತ್ತಿನಿಂದ ಯಾರೂ ಮುಟ್ಟದ ಪುಟ ಇನ್ನು ಸ್ವಲ್ಪ ಹೊತ್ತೂ ಬೇಡವಾದೀತು ಎಂದು.

ಎಲ್ಲ ಪ್ರೋಗ್ರಾಮುಗಳ ಆರೇಳು ಪಾತ್ರೆಗಳನ್ನು ಕೂಡಿಸಿದರೆ ಅಡಿಗೆ ಮನೆಯಲ್ಲಿ ಹಿಡಿಸದಷ್ಟಾದಾಗ ಊಹೆ ಕೆಲಸಕ್ಕೆ ಬರುವುದಿಲ್ಲ. ಒಂದನ್ನು ತಂದರೆ ಈಗ ಬೇಕಾದದ್ದೇ ಇನ್ನೊಂದು ಹೊರಗೆ ಹೋಗುತ್ತದೆ. ಅದನ್ನು ತಂದರೆ ಮೊದಲಿನದು ಹೋಗುತ್ತದೆ. ಯಂತ್ರವೆಲ್ಲ ಹೊರುವುದರಲ್ಲೇ ಮುಳುಗಿ, ಅಡಿಗೆ ಆಗುವುದೇ ಇಲ್ಲ. ಇದಕ್ಕೆ 'ಥ್ರಾಶಿಂಗ್' ಎಂದು ಹೆಸರು. ಹಬ್ಬದ ದಿನ ಎಲ್ಲ ಪಾಳಿಗಳಿಗೂ ಒಟ್ಟಿಗೆ ರಜೆ ಸಿಕ್ಕಿ ಹನ್ನೊಂದು ಮಂದಿಯೂ ಖೋಲಿಗೆ ಬಂದರೆ ಹೇಗಿರುತ್ತಿತ್ತೆಂದು ಆ ಹಿರಿಯರು ಬಣ್ಣಿಸಿದ್ದರು. ರಾತ್ರಿಯಿಡೀ ಟ್ರಂಕು ಹೊತ್ತದ್ದೇ, ಒಬ್ಬನೂ ಮಲಗಲಿಲ್ಲ!

ನಾನು ಕೇಳಿದ ಕಟಕಟ ಸದ್ದು ಅದೇ. ಒಂದರ ಮೇಲೊಂದು ಚಿತ್ರ ತೆರೆದು 16 ಎಂಬಿಯ ಖೋಲಿಗೆ ಹನ್ನೊಂದು ಮಂದಿಯನ್ನು ಒಟ್ಟಿಗೆ ನುಗ್ಗಿಸಿದವನು ನಾನೇ. ಮಾಡಬೇಕಾಗಿದ್ದುದು ಏನೂ ಇಲ್ಲ, ಕೈಕಟ್ಟಿ ಕುಳಿತಿರಬೇಕಿತ್ತು. ಅರ್ಧ ಗಂಟೆಯೋ ಒಂದು ಗಂಟೆಯೋ ಆದ ಮೇಲೆ ಚಿತ್ರಗಳನ್ನು ಒಂದೊಂದಾಗಿ ಮುಚ್ಚಿದ್ದರೆ ಯಂತ್ರ ತಾನಾಗಿ ಹಗುರಾಗುತ್ತಿತ್ತು.

ಆ ಹುಡುಗಿ ಅಂದು ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. ಉತ್ತರ ನನಗೆ ಆಗ ತಿಳಿದಿರಲಿಲ್ಲ. "ಸರ್, ಕಟಕಟ ಅಂತ ಡಿಸ್ಕಿಗೆ ತಾನೇ ಬರೆಯುತ್ತಿತ್ತು? ಹಾಗಾದರೆ ನಾನು ಟೈಪು ಮಾಡಿದ್ದರಲ್ಲಿ ಅರ್ಧವಾದರೂ ಡಿಸ್ಕಿನಲ್ಲಿ ಇರಬೇಕಲ್ಲ?" ಎಂದು.

ಇದ್ದಿರಬಹುದು. ಆದರೆ ಇದ್ದೂ ಇಲ್ಲ. ಮಾಳಿಗೆಗೆ ಕಳುಹಿಸುವುದು ಬೇರೆ, ಕಡತವಾಗಿ ಉಳಿಸುವುದು ಬೇರೆ. ಉಳಿಸಿದ ಕಡತಕ್ಕೆ ಹೆಸರಿದೆ, ಎಲ್ಲಿದೆ ಎಂಬ ದಾಖಲೆ ಡಿಸ್ಕಿನಲ್ಲೇ ಇದೆ. ಮಾಳಿಗೆಗೆ ಹೋದ ಪುಟಗಳಿಗೆ ಹೆಸರಿಲ್ಲ. ಯಾವ ಪುಟ ಯಾರದು, ಯಾವುದರ ಮುಂದೆ ಯಾವುದು ಎಂದು ಹೇಳುವ ಪಟ್ಟಿ ಇರುವುದು ರ‍್ಯಾಮಿನಲ್ಲಿ. ಕರೆಂಟು ಹೋದೊಡನೆ ಪಟ್ಟಿ ಹೋಯಿತು. ಮತ್ತೆ ಯಂತ್ರ ಎದ್ದಾಗ ಮಾಳಿಗೆಯಲ್ಲಿದ್ದದ್ದು ಕಸವೆಂದೇ ಲೆಕ್ಕ. ಅದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಅಪರಾಧ ತನಿಖೆಯ ತಜ್ಞರು ಅಂತಹ ಕಸದಿಂದ ತುಣುಕುಗಳನ್ನು ಹೆಕ್ಕುವುದುಂಟು. ಗುಪ್ತಪದಗಳು ಅಲ್ಲಿ ಉಳಿದುಬಿಟ್ಟಾವೆಂಬ ಹೆದರಿಕೆಯಿಂದ ಕೆಲವು ವ್ಯವಸ್ಥೆಗಳು ಮಾಳಿಗೆಗೆ ಕಳುಹಿಸುವ ಪುಟಗಳನ್ನು ಗೂಢಲಿಪಿಯಲ್ಲಿ ಬರೆಯುವುದೂ ಉಂಟು. ನಮ್ಮಂಥವರ ಪಾಲಿಗೆ ಮಾತ್ರ ಹೋದದ್ದು ಹೋದಂತೆಯೇ.

ಮರುವಾರ ನಾನು ಆ ಹಿರಿಯರ ಮನೆಗೆ ಹೋದೆ. ಸ್ವಿಚ್ಚು ಒತ್ತಿದವನು ನಾನೆಂದು ಹೇಳಿದೆ. ಅಷ್ಟರಲ್ಲಿ ಓದಿ ತಿಳಿದುಕೊಂಡಷ್ಟನ್ನು, ಪಟ್ಟಿ ಹೋದದ್ದರಿಂದ ಪುಟಗಳೂ ಹೋದುವೆಂಬುದನ್ನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಓ, ಅಣ್ಣ ಊರಿಗೆ ಹೋದ ಹಾಗೆ" ಎಂದರು.

ಆ ಕಥೆಯನ್ನು ಅವರು ಮೊದಲ ಸಲ ಹೇಳಿರಲಿಲ್ಲ. ಒಂದು ಮಳೆಗಾಲದಲ್ಲಿ ಅಣ್ಣನಿಗೆ ಊರಿನಿಂದ ತಂತಿ ಬಂತು. ಉಟ್ಟ ಬಟ್ಟೆಯಲ್ಲೇ ಹೊರಟುಹೋದ. ನೋಟು ಬುಕ್ಕು ಅವನ ಅಂಗಿಯ ಕಿಸೆಯಲ್ಲೇ ಉಳಿದುಹೋಯಿತು. ಇತ್ತ ಮಾಳಿಗೆ ಸೋರತೊಡಗಿ, ಅಂಗಡಿಯವರು ಟ್ರಂಕುಗಳನ್ನೆಲ್ಲ ಎತ್ತಿ ಒಂದರ ಮೇಲೊಂದು ಒಟ್ಟಿದರು. ಎಲ್ಲವೂ ಒಂದೇ ಅಂಗಡಿಯಲ್ಲಿ ಕೊಂಡ ಹಸುರು ಬಣ್ಣದ ಟ್ರಂಕುಗಳು. ಬೀಗಕ್ಕೂ ಬೀಗಕ್ಕೂ ಭೇದವಿಲ್ಲ. "ಟ್ರಂಕು ಅಲ್ಲೇ ಉಂಟು, ಆದರೆ ನನ್ನದು ಯಾವುದು? ನನ್ನ ಏಳನೇ ಇಯತ್ತೆಯ ಸರ್ಟಿಫಿಕೇಟು ಅದರಲ್ಲಿ ಇತ್ತು ಮಾರಾಯ. ಅದು ಸಿಕ್ಕಿದ್ದರೆ ನಾನು ಹೋಟೆಲು ಬಿಟ್ಟು ಗುಮಾಸ್ತನಾಗುತ್ತಿದ್ದೆ" ಎಂದರು. ಅಣ್ಣ ವಾಪಸು ಬಂದದ್ದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ನೀರು ಒಳಗೆ ಇಳಿದಿತ್ತು.

ಅವರು ಮತ್ತೆ ಹೇಳಲು ಒಪ್ಪಿದರು. ಈ ಸಲ ಟೇಪು ಇತ್ತು. ಆದರೆ ಎರಡನೆಯ ಸಲ ಹೇಳಿದ್ದು ಮೊದಲಿನ ಅರ್ಧವೂ ಆಗಲಿಲ್ಲ. ರಾತ್ರಿ ಶಾಲೆಯ ಮಾಸ್ತರರ ಬಗ್ಗೆ ಅಂದು ಬೆಳಿಗ್ಗೆ ಒಂದು ಗಂಟೆ ಮಾತಾಡಿದ್ದರೆಂದು ಹುಡುಗಿ ಹೇಳಿದಳು. ಎರಡನೆಯ ಸಲ ಅದು ನಾಲ್ಕು ವಾಕ್ಯ. ಕೇಳಿದರೆ, "ಎಲ್ಲ ಹೇಳಿ ಆಗಿದೆಯಲ್ಲ" ಎಂದರು. ಸ್ಮರಣ ಸಂಚಿಕೆಯಲ್ಲಿ ಅಚ್ಚಾದ ಆರು ಪುಟಗಳು ಆ ನಾಲ್ಕು ವಾಕ್ಯದವು.

ವರ್ಚುವಲ್ ಮೆಮೊರಿ ಎಂದರೆ ಬರೀ ಟ್ರಂಕು ಹೊರುವುದಲ್ಲ, ಇನ್ನೊಂದು ಉಪಕಾರವೂ ಇದೆ. ಪ್ರತಿ ಪ್ರೋಗ್ರಾಮಿಗೂ ತನ್ನದೇ ಪಟ್ಟಿ ಇರುವುದರಿಂದ, ಒಂದು ಪ್ರೋಗ್ರಾಮು ಇನ್ನೊಂದರ ಪುಟಕ್ಕೆ ಕೈಹಾಕಲಾರದು. ಅದರ ವಿಳಾಸವೇ ಇದಕ್ಕೆ ಗೊತ್ತಿಲ್ಲ. ಹಳೆಯ ಡಾಸ್ ಕಾಲದಲ್ಲಿ ಈ ಗೋಡೆ ಇರಲಿಲ್ಲ, ಒಂದು ತಪ್ಪಿಗೆ ಇಡೀ ಯಂತ್ರ ಮಲಗುತ್ತಿತ್ತು. ಎಲ್ಲರಿಗೂ ಬೇಕಾದ ಸಾಮಾನು ಮಾತ್ರ ಒಂದೇ ಪ್ರತಿ, ಎಲ್ಲರ ಪಟ್ಟಿಯಲ್ಲೂ ನಮೂದು. ಖೋಲಿಯಲ್ಲಿ ಸ್ಟೋವು ಒಂದೇ ಇದ್ದರೂ ಹನ್ನೊಂದು ಮಂದಿಯೂ 'ನಮ್ಮ ಸ್ಟೋವು' ಎನ್ನುತ್ತಿದ್ದರಲ್ಲ, ಹಾಗೆ. ಇಂದಿನ ವೇಗದ ಡಿಸ್ಕುಗಳ ಕಾಲದಲ್ಲಿ ಮಾಳಿಗೆಗಿಂತಲೂ ಈ ಗೋಡೆಯೇ ದೊಡ್ಡ ಲಾಭವೆಂದು ನನ್ನ ಅಭಿಪ್ರಾಯ.

ಈಗ ಹೋಳಿಗೆಯ ಸಾಲಿನ ಪ್ರಶ್ನೆಗೆ ಬರುತ್ತೇನೆ. ಆ ಎರಡನೆಯ ಎಂಟು ಜಿಬಿಯನ್ನು ಅವರು ಎಲ್ಲಿಂದಲೂ ತಂದಿಲ್ಲ, ಅಮ್ಮ. ಫೋಟೋ, ವೀಡಿಯೊ ಇಡಲು ಮೊಬೈಲಿನಲ್ಲಿರುವ ಜಾಗದಲ್ಲೇ ಎಂಟು ಜಿಬಿ ಬಿಡಿಸಿ ಮಾಳಿಗೆ ಮಾಡಿದ್ದಾರೆ. ಇರುವೆಯಂತಹ ಅಕ್ಷರದಲ್ಲಿ ಬರೆದಿರುವುದು ಸಾಮಾನ್ಯವಾಗಿ ಅದನ್ನೇ. 2021ರ ಸುಮಾರಿನಿಂದ ಹಲವು ಕಂಪನಿಗಳು ಇದಕ್ಕೆ ಒಂದೊಂದು ಚಂದದ ಹೆಸರಿಟ್ಟು ಜಾಹೀರಾತು ಕೊಟ್ಟಿವೆ. ಮೋಸವೆನ್ನಲಾರೆ, ಆದರೆ ಕೂಡಿಸುವ ಚಿಹ್ನೆ ಹಾಕಿದ್ದು ನ್ಯಾಯವಲ್ಲ. ಒಂದು ಸೆಕೆಂಡಿನದನ್ನೂ ಹದಿನೇಳು ನಿಮಿಷದ್ದನ್ನೂ ಯಾವ ಲೆಕ್ಕದಲ್ಲಿ ಕೂಡಿಸುವುದು? ಹಿನ್ನೆಲೆಯಲ್ಲಿ ಬಿಟ್ಟುಬಂದ ಆ್ಯಪುಗಳು ಮುಚ್ಚಿಹೋಗದಂತೆ ಉಳಿಯಲು ಅದರಿಂದ ಸ್ವಲ್ಪ ಸಹಾಯವಾದೀತು, ಅದರಲ್ಲೂ 4 ಜಿಬಿಯ ಅಗ್ಗದ ಮೊಬೈಲಿನಲ್ಲಿ. 8 ಜಿಬಿ ನಿಜವಾಗಿ ಇದ್ದವರಿಗೆ ಹೆಚ್ಚಿನ ವ್ಯತ್ಯಾಸ ತಿಳಿಯುವುದಿಲ್ಲ. ಮೇಲಾಗಿ ಮೊಬೈಲಿನ ಸಂಗ್ರಹಕ್ಕೆ ಇಷ್ಟೇ ಸಲ ಬರೆಯಬಹುದೆಂಬ ಮಿತಿಯಿದೆ, ಸುಮ್ಮಸುಮ್ಮನೆ ಬರೆಸುವುದು ಒಳ್ಳೆಯದಲ್ಲ. ಬೇಡವಾದರೆ ಸೆಟ್ಟಿಂಗ್ಸಿನಲ್ಲಿ ಅದನ್ನು ನಿಲ್ಲಿಸುವ ಸೌಕರ್ಯ ಹಲವು ಮೊಬೈಲುಗಳಲ್ಲಿ ಇರುತ್ತದೆ, ನೋಡಿ. ಮೊಮ್ಮಗನಿಗೆ ಹೇಳಿ: ಮೊದಲನೆಯ ಅಂಕಿಗೆ ದುಡ್ಡು ಕೊಡು, ಎರಡನೆಯ ಅಂಕಿಗೆ ಒಂದು ರೂಪಾಯಿಯೂ ಬೇಡ.

ಮನೆಯಲ್ಲಿ ಹಳೆಯ ಗಣಕವಿದ್ದು ಅದು ನರಳುತ್ತಿದ್ದರೆ ಮಾರಿಬಿಡುವ ಮುಂಚೆ ಒಮ್ಮೆ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಎಷ್ಟು ತುಂಬಿದೆ ನೋಡಿ. ಯಾವಾಗಲೂ ತುಂಬಿ ತುಳುಕುತ್ತಿದ್ದರೆ ರ‍್ಯಾಮ್ ಹೆಚ್ಚಿಸಿದರೆ ಸಾಕಾದೀತು. ತಿರುಗುವ ಡಿಸ್ಕಿದ್ದರೆ ಅದರ ಬದಲು ಎಸ್‌ಎಸ್‌ಡಿ ಹಾಕಿಸಿ. ನಮ್ಮ ಸಂಘದ ಈಗಿನ ಯಂತ್ರಕ್ಕೆ ಮಾಡಿಸಿದ್ದು ಇಷ್ಟೇ. ಹೊಸದು ಕೊಳ್ಳಬೇಕೆಂಬ ಠರಾವನ್ನು ಕಾರ್ಯಕಾರಿ ಸಮಿತಿ ಹಿಂದಕ್ಕೆ ಪಡೆಯಿತು.

ಅಂದಿನ ಹುಡುಗಿ ಈಗ ಪುಣೆಯಲ್ಲಿದ್ದಾಳೆ, ಅವಳ ಮಗಳು ಕಾಲೇಜಿಗೆ ಹೋಗುತ್ತಾಳೆ. ಈ ಲೇಖನ ಬರೆಯುವ ಮುಂಚೆ ಫೋನು ಮಾಡಿ, ನಿನ್ನ ವಿಷಯ ಬರೆಯಲೇ ಎಂದು ಕೇಳಿದೆ. "ಬರೆಯಿರಿ ಸರ್, ಸ್ವಿಚ್ಚು ಯಾರು ಒತ್ತಿದ್ದು ಅಂತಾನೂ ಬರೆಯಿರಿ" ಎಂದಳು. ಬರೆದಿದ್ದೇನೆ.

ಅಳಿಸಿದ ಕಡತ ಡಿಸ್ಕಿನಿಂದ ನಿಜವಾಗಿಯೂ ಹೋಗುತ್ತದೆಯೇ ಎಂದು ಇಬ್ಬರು ಓದುಗರು ಪತ್ರ ಬರೆದಿದ್ದಾರೆ. ಅದನ್ನು ಮುಂದಿನ ತಿಂಗಳು ನೋಡೋಣ.